ಸೂರ್ಯಪಾನದ ಲಿಲಾವು

1

1987ರ ಮಾರ್ಚ್ 30ನೇ ತಾರೀಖು ಲಂಡನ್ ಪಟ್ಟಣದಲ್ಲಿ ಒಂದು ಲಿಲಾವು ನಡೆಯಿತು. ಲಿಲಾವು ನಡೆಸಿದ ಕಂಪನಿಯ ಹೆಸರು ಕ್ರಿಸ್ಟೀಸ್. ಲಿಲಾವಿಗೆ ಬಂದ ಮಾಲು ಒಂದು ಹೂವಿನ ಚಿತ್ರ. ಒಂದು ಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲದ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಒಂದು ಮಣ್ಣಿನ ಹೂಜಿ, ಅದರಲ್ಲಿ ಹದಿನೈದು ಸೂರ್ಯಕಾಂತಿ ಹೂ. ಕೆಲವು ಅರಳಿವೆ, ಕೆಲವು ಬಾಡಿವೆ, ಇನ್ನು ಕೆಲವು ಎಸಳು ಉದುರಿಸಿ ಕಾಳುಗಟ್ಟಿ ನಿಂತಿವೆ. ಬರೆದವನು ಹಾಲೆಂಡಿನ ವಿನ್ಸೆಂಟ್ ವ್ಯಾನ್ ಗೋ. ಅವನು ಸತ್ತದ್ದು 1890ರ ಜುಲೈನಲ್ಲಿ, 37ನೇ ವಯಸ್ಸಿಗೆ. ಲಿಲಾವು ನಡೆದ ದಿನ ಅವನ ಹುಟ್ಟಿದ ದಿನ.

ಕೂಗಿದ ಬೆಲೆ 2 ಕೋಟಿ 25 ಲಕ್ಷ ಪೌಂಡಿಗೆ ನಿಂತಿತು. ಅದರ ಮೇಲೆ ಕೊಂಡವರು ಲಿಲಾವು ಕಂಪನಿಗೆ ಕೊಡಬೇಕಾದದ್ದು ನೂರಕ್ಕೆ ಹತ್ತು. ಒಟ್ಟು 2 ಕೋಟಿ 47 ಲಕ್ಷ 50 ಸಾವಿರ ಪೌಂಡು. ನಮ್ಮ ಆಗಿನ ರೂಪಾಯಿ ಲೆಕ್ಕದಲ್ಲಿ 50 ಕೋಟಿಯ ಆಸುಪಾಸು. ಅಲ್ಲಿಯತನಕ ಜಗತ್ತಿನ ಯಾವ ಲಿಲಾವಿನಲ್ಲೂ ಯಾವ ಚಿತ್ರಕ್ಕೂ ಇಷ್ಟು ಹಣ ಬಂದಿರಲಿಲ್ಲ. ಅದಕ್ಕೆ ಮುಂಚಿನ ದಾಖಲೆ 1985ರದು, 81 ಲಕ್ಷ ಪೌಂಡು. ಎರಡೇ ವರ್ಷಕ್ಕೆ ಮೂರು ಪಟ್ಟು ಏರಿತು. ಕೊಂಡದ್ದು ಜಪಾನಿನ ಯಸೂದಾ ಎಂಬ ವಿಮಾ ಕಂಪನಿ.

ಅದೇ 1987 ನಮ್ಮ ದೇಶಕ್ಕೆ ಬರದ ವರ್ಷ. ಮಳೆ ಕೈಕೊಟ್ಟು ಹೊಲ ಒಣಗಿದ ವರ್ಷ.

ಇದನ್ನೆಲ್ಲ ಯರಗೇರಾ, ಮಾನ್ವಿ, ದೇವದುರ್ಗದ ಕಡೆಯವರಾದ ನಾವು ಯಾಕೆ ಬರೀಬೇಕು? ಲಂಡನ್ನಿನ ಸಾಹುಕಾರರು ಎಷ್ಟಕ್ಕೆ ಏನು ಕೊಂಡರೆ ನಮಗೇನು ಅಂತ ಯಾರಾದರೂ ಕೇಳಬಹುದು. ನಮ್ಮ ಗೆಳೆಯರಲ್ಲೇ ಕೆಲವರು ಅಂತಾರ: ಚಿತ್ರ ಗಿತ್ರ ಎಲ್ಲಾ ಹೊಟ್ಟಿ ತುಂಬಿದವರ ಆಟ, ನಮಗ್ಯಾಕ ಬೇಕು ಅದು?

ಬೇಕು. ಯಾಕಂದರೆ ಆ ಹೂ ನಮ್ಮ ಹೊಲದ ಹೂ. ಪುಸ್ತಕದಲ್ಲಿ ಸೂರ್ಯಕಾಂತಿ, ನಮ್ಮ ಬಾಯಲ್ಲಿ ಸೂರ್ಯಪಾನ. ಆ ಹೂ ಬಿತ್ತಿದ, ಕಳೆ ತೆಗೆದ, ಕೊಯ್ದ, ಬಡಿದ, ತೂರಿದ ಜನ ನಾವು. ಹೂ ಬರೆದವನೂ ಸಾಹುಕಾರನಲ್ಲ. ಇಷ್ಟಿದ್ದ ಮೇಲೆ ಆ 50 ಕೋಟಿ ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು ಅಂತ ಲೆಕ್ಕ ಕೇಳುವ ಹಕ್ಕು ನಮಗಿದೆ. ಇತಿಹಾಸ ಅಂದರೆ ರಾಜರ ವಂಶಾವಳಿ ಅಂತ ನಮಗೆ ಶಾಲೆಯಲ್ಲಿ ಕಲಿಸಿದರು. ಒಂದು ಬೆಲೆಗೂ ವಂಶಾವಳಿ ಇರುತ್ತದೆ. ಅದನ್ನು ಬಿಡಿಸಿ ನೋಡೋಣ.

2

ಮೊದಲು ಬರೆದವನ ಕತೆ.

ವ್ಯಾನ್ ಗೋ ಪಾದ್ರಿಯ ಮಗ. 1878ರ ಕೊನೆಗೆ ಬೆಲ್ಜಿಯಂ ದೇಶದ ಬೊರಿನಾಜ್ ಎಂಬ ಕಲ್ಲಿದ್ದಲು ಸೀಮೆಗೆ ಧರ್ಮಬೋಧಕನಾಗಿ ಹೋದ. ಗಣಿ ಕೂಲಿಗಳ ಬದುಕು ನೋಡಿದ. ಮಕ್ಕಳು, ಹೆಂಗಸರು ಕಪ್ಪಾಗಿ ಮೇಲೆ ಬರುವುದನ್ನು ನೋಡಿದ. ತಾನೇ ಗಣಿಯೊಳಗೆ ಇಳಿದ. 1879ರ ಏಪ್ರಿಲಿನಲ್ಲಿ ಅಲ್ಲಿಯ ಒಂದು ಗಣಿಯಲ್ಲಿ ಅನಿಲ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಗಾಯಗೊಂಡವರ ಆರೈಕೆಗೆ ನಿಂತ ಈತ ತನ್ನ ಬಟ್ಟೆಬರೆ ಕೊಟ್ಟುಬಿಟ್ಟ, ಒಳ್ಳೆ ಕೋಣೆ ಬಿಟ್ಟು ಗುಡಿಸಲಿಗೆ ಬಂದು ಹುಲ್ಲಿನ ಮೇಲೆ ಮಲಗಿದ. ಚರ್ಚಿನ ಹಿರಿಯರಿಗೆ ಇದು ಸರಿಬರಲಿಲ್ಲ. ಬೋಧಕ ಬಡವರಿಗೆ ಉಪದೇಶ ಮಾಡಬೇಕೇ ಹೊರತು ಬಡವರ ಹಾಗೆ ಇರಬಾರದು ಎಂಬುದು ಅವರ ಧರ್ಮ. ಅವನ ಕೆಲಸ ಮುಂದುವರಿಸಲಿಲ್ಲ. ಕೆಲಸ ಹೋದ ಮೇಲೆಯೇ, 1880ರಲ್ಲಿ, ಅವನು ಚಿತ್ರ ಬರೆಯುವುದನ್ನೇ ಬದುಕು ಮಾಡಿಕೊಂಡ. ಅವನ ಮೊದಲ ಚಿತ್ರಗಳಲ್ಲಿ ಗಣಿಗೆ ಹೋಗುವವರು, ಕಲ್ಲಿದ್ದಲಿನ ಮೂಟೆ ಹೊತ್ತು ಬಾಗಿದ ಹೆಂಗಸರು ಇದ್ದಾರೆ.

1885ರಲ್ಲಿ ಅವನು ಹಾಲೆಂಡಿನ ಒಂದು ಹಳ್ಳಿಯಲ್ಲಿ 'ಆಲೂಗಡ್ಡೆ ಉಣ್ಣುವವರು' ಎಂಬ ಚಿತ್ರ ಬರೆದ. ಎಣ್ಣೆದೀಪದ ಕೆಳಗೆ ಒಂದು ಬಡ ಸಂಸಾರ, ಒಂದೇ ತಟ್ಟೆ. ತಟ್ಟೆಗೆ ಹಾಕುವ ಕೈಯೇ ನೆಲ ಅಗೆದ ಕೈ ಎಂಬುದು ನೋಡಿದವರಿಗೆ ತಿಳಿಯಬೇಕು ಎಂದು ತಮ್ಮ ಥಿಯೋಗೆ ಕಾಗದ ಬರೆದ. ಈ ಮಾತನ್ನು ನಮ್ಮ ಕೇರಿಯ ಯಾವ ಮುದುಕಿಗೆ ಹೇಳಿದರೂ ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ.

1888ರಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ, ಆರ್ಲ್ ಎಂಬ ಊರಿಗೆ ಹೋದ. ಅಲ್ಲೊಂದು ಸಣ್ಣ ಮನೆ ಬಾಡಿಗೆಗೆ ಹಿಡಿದ. ಕಲಾವಿದರು ಒಂದೇ ಸೂರಿನ ಕೆಳಗೆ ಕೂಡಿ ಬದುಕಬೇಕು, ಇದ್ದದ್ದನ್ನು ಹಂಚಿಕೊಳ್ಳಬೇಕು ಎಂಬುದು ಅವನ ಕನಸು. ಬರಲಿದ್ದ ಗೆಳೆಯ ಗೋಗ್ಯಾನನ ಕೋಣೆಯ ಗೋಡೆಗೆಂದು ಆಗಸ್ಟಿನಲ್ಲಿ ಸೂರ್ಯಕಾಂತಿ ಬರೆಯಲು ಕೂತ. ಹೂ ಬಾಡುವುದರೊಳಗೆ ಮುಗಿಸಬೇಕು, ಹಾಗಾಗಿ ಹೊತ್ತು ಮೂಡುವಾಗಲೇ ಕುಂಚ ಹಿಡಿಯುತ್ತಿದ್ದ. ಒಂದೇ ವಾರದ ಆಸುಪಾಸಿನಲ್ಲಿ ನಾಲ್ಕು ಚಿತ್ರ ಬಂದವು. ಆಮೇಲೆ ಅವುಗಳನ್ನು ನೋಡಿ ತಾನೇ ಮತ್ತೆ ಮೂರು ಬರೆದ. ಲಿಲಾವಿಗೆ ಬಂದದ್ದು ಈ ಎರಡನೇ ಸಾಲಿನ ಒಂದು.

ಅಂದರೆ ಈ ಹೂಗಳು ಹುಟ್ಟಿದ್ದು ಮಾರಾಟಕ್ಕಲ್ಲ, ಮನೆಗೆ ಬರುವವನಿಗೆ.

ಹಾಗಂತ ಅವನಿಗೆ ಬೆಲೆಯ ಲೆಕ್ಕ ಗೊತ್ತಿರಲಿಲ್ಲ ಎಂದಲ್ಲ. ತಮ್ಮ ಕಳಿಸುವ ಹಣದಲ್ಲಿ ಬದುಕುತ್ತಿದ್ದವನು. ತಿಂಗಳಿಗೆ ಸುಮಾರು 150 ಫ್ರಾಂಕು ಬರುತ್ತಿತ್ತು, ಅದರಲ್ಲೇ ಬಣ್ಣ, ಬಟ್ಟೆ, ರೊಟ್ಟಿ, ಬಾಡಿಗೆ. ಅಂಚೆ ಕೆಲಸದ ಗೆಳೆಯ ರೂಲಾನ್ 135 ಫ್ರಾಂಕಿನಲ್ಲಿ ಮಕ್ಕಳೊಂದಿಗ ಸಂಸಾರ ತೂಗುತ್ತಿದ್ದ. 1889ರ ಜನವರಿಯಲ್ಲಿ ತಮ್ಮನಿಗೆ ಬರೆದ ಕಾಗದದಲ್ಲಿ ತನ್ನ ಸೂರ್ಯಕಾಂತಿ ಚಿತ್ರಕ್ಕೆ 500 ಫ್ರಾಂಕು ಬಂದೀತು ಎಂದು ಲೆಕ್ಕ ಹಾಕಿದ್ದಾನೆ. ಅದು ಅವನ ಕನಸಿನ ಬೆಲೆ. ಅಂಚೆಯವನ ನಾಲ್ಕು ತಿಂಗಳ ಸಂಬಳಕ್ಕಿಂತ ಕಡಿಮೆ. ಆ 500 ಬರಲೇ ಇಲ್ಲ. ಅವನು ಬದುಕಿದ್ದಾಗ ಮಾರಾಟವಾಯಿತು ಎಂದು ಖಚಿತವಾಗಿ ಗೊತ್ತಿರುವ ದೊಡ್ಡ ಚಿತ್ರ 'ಕೆಂಪು ದ್ರಾಕ್ಷಿತೋಟ'. 1890ರಲ್ಲಿ ಅನಾ ಬೊಶ್ ಎಂಬ ಚಿತ್ರಕಾರ್ತಿ ಅದನ್ನು 400 ಫ್ರಾಂಕಿಗೆ ಕೊಂಡಳು. ಆ ಚಿತ್ರದಲ್ಲಿ ಇರುವುದು ಸಂಜೆಯ ಬಿಸಿಲಿನಲ್ಲಿ ಬಾಗಿ ದ್ರಾಕ್ಷಿ ಕೊಯ್ಯುವ ಕೂಲಿ ಹೆಂಗಸರು.

3

ಈಗ ಬೆಲೆಯ ವಂಶಾವಳಿ.

ಅಣ್ಣ ಸತ್ತ ಆರು ತಿಂಗಳಿಗೆ ತಮ್ಮ ಥಿಯೋನೂ ಸತ್ತ. ನೂರಾರು ಚಿತ್ರ, ಕಾಗದಗಳ ಕಟ್ಟು, ಒಂದು ಕೂಸು, ಇಷ್ಟು ಉಳಿದದ್ದು ಥಿಯೋನ ಹೆಂಡತಿ ಯೋಹಾನಾಗೆ. ಆಕೆ ಊಟ ವಸತಿ ಕೊಡುವ ಮನೆ ನಡೆಸಿ ಬದುಕಿದಳು. ಚಿತ್ರಗಳನ್ನು ಕಾಯ್ದಳು, ಪ್ರದರ್ಶನಕ್ಕೆ ಕಳಿಸಿದಳು, ಕಾಗದಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ಇವತ್ತು ಜಗತ್ತು ವ್ಯಾನ್ ಗೋ ಅಂತ ಹೇಳುವ ಹೆಸರಿನ ಹಿಂದೆ ಈ ವಿಧವೆಯ ಮೂವತ್ತು ವರ್ಷದ ದುಡಿಮೆ ಇದೆ. ಲಿಲಾವಿನವರು ಆಕೆಯ ಹೆಸರನ್ನು ಎಷ್ಟು ಸಲ ಕೂಗಿದರೋ!

ನಾವು ಹೇಳುತ್ತಿರುವ ಚಿತ್ರ ಕೈಯಿಂದ ಕೈಗೆ ದಾಟಿ ಬರ್ಲಿನ್ನಿನ ಬ್ಯಾಂಕರ್ ಪಾಲ್ ಫಾನ್ ಮೆಂಡಲ್‌ಸೋನ್-ಬಾರ್ತೊಲ್ಡಿಯ ಮನೆ ಸೇರಿತು. ಆತ ಯಹೂದಿ ಮೂಲದವನು. 1933ರಲ್ಲಿ ಹಿಟ್ಲರ್ ಬಂದ. ಯಹೂದಿಗಳ ಅಂಗಡಿ, ಬ್ಯಾಂಕು, ಉದ್ಯೋಗಗಳ ಕತ್ತು ಹಿಸುಕತೊಡಗಿದ. 1934ರಲ್ಲಿ ಈ ಚಿತ್ರ ಪ್ಯಾರಿಸ್ಸಿನ ವ್ಯಾಪಾರಿಯ ಕೈಗೆ ಹೋಯಿತು. ಅದು ಮನಸ್ಸಿನಿಂದ ಮಾಡಿದ ಮಾರಾಟವಲ್ಲ, ಹುಟ್ಟಿನ ಕಾರಣಕ್ಕೆ ಬೆನ್ನಟ್ಟಿದವರ ಭಯಕ್ಕೆ ಮಾಡಿದ್ದು ಎಂದು ಅವನ ವಾರಸುದಾರರು 2022ರ ಡಿಸೆಂಬರಿನಲ್ಲಿ ಅಮೆರಿಕದ ಕೋರ್ಟಿಗೆ ಹೋದರು. 2024ರಲ್ಲಿ ಆ ಕೋರ್ಟು ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ದಾವೆ ತಳ್ಳಿಹಾಕಿತು. ಹುಟ್ಟಿನಿಂದ ಮನುಷ್ಯರನ್ನು ಅಳೆಯುವ ವ್ಯವಸ್ಥೆ ಆಸ್ತಿಯನ್ನು ಹೇಗೆ ಅಗ್ಗ ಮಾಡುತ್ತದೆ ಎಂಬುದು ಹೊಲ ಕಳಕೊಂಡ ನಮ್ಮ ಜನಕ್ಕೆ ಹೊಸ ಪಾಠವಲ್ಲ.

1935ರ ಹೊತ್ತಿಗೆ ಚಿತ್ರ ಲಂಡನ್ನಿನ ಈಡಿತ್ ಬೀಟಿಯ ಮನೆಗೆ ಬಂತು. ಆಕೆಯ ಗಂಡ ಆಲ್ಫ್ರೆಡ್ ಚೆಸ್ಟರ್ ಬೀಟಿ ಗಣಿ ದೊರೆ. ಆಗ ಉತ್ತರ ರೊಡೇಶಿಯಾ ಎನ್ನುತ್ತಿದ್ದ, ಈಗಿನ ಜಾಂಬಿಯಾ ದೇಶದ ತಾಮ್ರದ ಗಣಿಗಳಲ್ಲಿ ಅವನ ಕಂಪನಿಯ ಬಂಡವಾಳ ಇತ್ತು. 1935ರ ಮೇ ತಿಂಗಳಲ್ಲಿ ಆ ಗಣಿಗಳ ಕರಿಯ ಕೂಲಿಗಳು ತಲೆಗಂದಾಯ ಏರಿಸಿದ್ದಕ್ಕೆ ಮುಷ್ಕರ ಹೂಡಿದರು. ಲುವಾನ್ಶ್ಯಾ ಎಂಬಲ್ಲಿಯ ಗಣಿಯಲ್ಲಿ, ಅದೂ ಬೀಟಿಯ ಕಂಪನಿ ಕಟ್ಟಿದ ಗಣಿ, ಪೊಲೀಸರ ಗುಂಡಿಗೆ ಆರು ಜನ ಕೂಲಿಗಳು ಸತ್ತರು.

ಗೆಳೆಯರೆ, ಇಲ್ಲೊಂದು ನಿಮಿಷ ನಿಲ್ಲಿ. ಗಣಿ ಕೂಲಿಗಳ ಜೊತೆ ಹುಲ್ಲಿನ ಮೇಲೆ ಮಲಗಿದ್ದಕ್ಕೆ ಕೆಲಸ ಕಳಕೊಂಡವನು ಬರೆದ ಹೂ, ಗಣಿ ದೊರೆಯ ಮನೆಯ ಗೋಡೆ ಏರಿದೆ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಾದ ನಮಗೆ ನೆಲದ ಕೆಳಗಿನ ಕತ್ತಲೆ ಎಂಥದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀಟಿ ಮನೆತನದ ಗೋಡೆ ಮೇಲೆ ಅರ್ಧ ಶತಮಾನ ಇದ್ದ ಮೇಲೆಯೇ ಚಿತ್ರ ಲಿಲಾವಿಗೆ ಬಂದದ್ದು. ಈ ಅರ್ಧ ಶತಮಾನದಲ್ಲಿ ಚಿತ್ರಕ್ಕೆ ಒಂದು ಗೆರೆಯೂ ಹೆಚ್ಚಾಗಲಿಲ್ಲ. ಹಾಗಾದರೆ ಬೆಲೆ ಏರಿದ್ದು ಹೇಗೆ?

ಮೊದಲನೆಯದು, ಬರೆದವನು ಸತ್ತಿದ್ದಾನೆ, ಇನ್ನೊಂದು ಬರೆಯಲಾರ. ಆರ್ಲ್ ಊರಲ್ಲಿ ಬರೆದ ಹೂಜಿಯ ಸೂರ್ಯಕಾಂತಿಗಳು ಒಟ್ಟು ಏಳು. ಒಂದು 1945ರ ಆಗಸ್ಟಿನಲ್ಲಿ ಜಪಾನಿನ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋಯಿತು. ಲಂಡನ್, ಮ್ಯೂನಿಕ್, ಆಮ್‌ಸ್ಟರ್‌ಡಾಂ, ಫಿಲಡೆಲ್ಫಿಯಾದಲ್ಲಿರುವ ನಾಲ್ಕು ಮ್ಯೂಸಿಯಂ ಸೊತ್ತು. ಒಂದು ಯಾರದೋ ಖಾಸಗಿ ಮನೆಯಲ್ಲಿದೆ. ಪೇಟೆಗೆ ಬಂದದ್ದು ಇದೊಂದೇ. ನಮ್ಮ ಗಂಜಿನಲ್ಲಿ ಮಾಲು ಹೆಚ್ಚಾದರೆ ಬೆಲೆ ಬೀಳುತ್ತದೆ. ಅಲ್ಲಿ ಮಾಲು ಹೆಚ್ಚಾಗುವುದೇ ಇಲ್ಲ.

ಎರಡನೆಯದು, ಹಣದ ಬೆಲೆ. 1985ರಲ್ಲಿ ಅಮೆರಿಕ, ಜಪಾನ್ ಮತ್ತು ಯುರೋಪಿನ ಮೂರು ದೇಶಗಳು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಕೂತು ಡಾಲರಿನ ಬೆಲೆ ಇಳಿಸುವ ಒಪ್ಪಂದ ಮಾಡಿಕೊಂಡವು. ಜಪಾನಿನ ಯೆನ್ ಭರಭರ ಏರಿತು. ಅಲ್ಲಿಯ ಕಂಪನಿಗಳಿಗೆ ಲಂಡನ್ ಸಂತೆ ಅಗ್ಗವಾಯಿತು. ಯಸೂದಾ ಕಂಪನಿಗೆ ನೂರು ತುಂಬುವ ಸಮಯ ಬೇರೆ. ಊರೆಲ್ಲ ನೋಡುವಂಥ ಜಾಹೀರಾತು ಬೇಕಿತ್ತು.

ಮೂರನೆಯದು, ಸಾಲ. ಅದೇ 1987ರ ನವೆಂಬರಿನಲ್ಲಿ ಸೋದಬೀಸ್ ಎಂಬ ಇನ್ನೊಂದು ಲಿಲಾವು ಕಂಪನಿ ವ್ಯಾನ್ ಗೋನ 'ಐರಿಸ್' ಹೂಗಳ ಚಿತ್ರವನ್ನು 5 ಕೋಟಿ 39 ಲಕ್ಷ ಡಾಲರಿಗೆ ಮಾರಿತು. ಕೊಂಡವನು ಆಸ್ಟ್ರೇಲಿಯಾದ ಉದ್ಯಮಿ ಆಲನ್ ಬಾಂಡ್. ಅರ್ಧ ಹಣವನ್ನು ಸಾಲ ಕೊಟ್ಟದ್ದು ಮಾರಿದ ಸೋದಬೀಸೇ! ಆ ಸಾಲ ಅವನಿಂದ ತೀರಲಿಲ್ಲ. 1990ರಲ್ಲಿ ಚಿತ್ರ ಅಮೆರಿಕದ ಗೆಟ್ಟಿ ಮ್ಯೂಸಿಯಂ ಪಾಲಾಯಿತು. ಬೀಜ, ಗೊಬ್ಬರ ತಾನೇ ಸಾಲ ಕೊಟ್ಟು, ಮಾಲು ತನ್ನ ಅಂಗಡಿಗೇ ತರಿಸಿ, ಅಡತಿ ಹಿಡಿಯುವ ಸಾಹುಕಾರನನ್ನು ಕಂಡ ನಮ್ಮ ರೈತನಿಗೆ ಈ ಆಟ ತಿಳಿಯದೇ?

ನಾಲ್ಕನೆಯದು, ಹೆಸರು. ಯಸೂದಾ ಕೊಂಡ ಚಿತ್ರದ ಮೇಲೆ ವ್ಯಾನ್ ಗೋನ ಸಹಿಯೇ ಇಲ್ಲ. 1990ರ ದಶಕದಲ್ಲಿ ಕೆಲವರು ಇದು ಅವನದೇ ಅಲ್ಲ ಎಂದು ಅನುಮಾನ ಎತ್ತಿದರು. ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಮ್ಯೂಸಿಯಂ ಪರಿಣತರು ಪರೀಕ್ಷೆ ಮಾಡಿ ಅವನದೇ ಎಂದರು. ಆ ಅನುಮಾನದ ದಿನಗಳಲ್ಲಿ ಹೂ ಅದೇ, ಹಳದಿ ಅದೇ, ಕುಂಚದ ಪೆಟ್ಟು ಅದೇ. ಅಲ್ಲಾಡಿದ್ದು ಹೆಸರು, ನಡುಗಿದ್ದು ಬೆಲೆ.

ಆಮೇಲೂ ಬೆಲೆ ಏರುತ್ತಲೇ ಹೋಯಿತು. 1990ರಲ್ಲಿ ಅವನ 'ಡಾಕ್ಟರ್ ಗಾಶೆ' ಚಿತ್ರಕ್ಕೆ 8 ಕೋಟಿ 25 ಲಕ್ಷ ಡಾಲರ್. 2014ರಲ್ಲಿ ಇನ್ನೊಂದು ಹೂವಿನ ಚಿತ್ರಕ್ಕೆ 6 ಕೋಟಿ ಡಾಲರಿಗೂ ಮೇಲೆ. 2022ರಲ್ಲಿ ಒಂದು ಹಣ್ಣಿನ ತೋಟದ ಚಿತ್ರಕ್ಕೆ 11 ಕೋಟಿ 70 ಲಕ್ಷ ಡಾಲರ್. ಇತ್ತ ಅವನು ಬಳಸಿದ ಕ್ರೋಮ್ ಹಳದಿ ಬಣ್ಣ ಬೆಳಕಿಗೆ ಕಂದುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬಣ್ಣ ಇಳಿಯುತ್ತದೆ, ಬೆಲೆ ಏರುತ್ತದೆ.

4

ಇನ್ನು ಹೂವಿನ ಕತೆ. ಅದನ್ನು ಲಿಲಾವಿನ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ.

ಸೂರ್ಯಕಾಂತಿ ಯುರೋಪಿನದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕಾಡಿನ ಗಿಡವನ್ನು ಪಳಗಿಸಿ, ದಪ್ಪ ಕಾಳು ಆರಿಸಿ ಆರಿಸಿ ಬಿತ್ತಿ ಮಾಡಿದ ಬೆಳೆ. 16ನೇ ಶತಮಾನದಲ್ಲಿ ಸ್ಪೇನಿನವರು ಆ ನಾಡನ್ನು ದೋಚುವಾಗ ಬೀಜವನ್ನೂ ಒಯ್ದರು. ಬೀಜ ಮಾಡಿದವರ ನೆಲ ಹೋಯಿತು, ಬೀಜ ಮಾತ್ರ ಲೋಕ ಸುತ್ತಿತು. 19ನೇ ಶತಮಾನದಲ್ಲಿ ರಷ್ಯಾದ ರೈತರು ಅದನ್ನು ಎಣ್ಣೆಕಾಳಾಗಿ ಬೆಳೆದರು. ಆಮೇಲೆ ಸೋವಿಯತ್ ವಿಜ್ಞಾನಿ ಪುಸ್ತೊವೊಯ್ತ್ ಹೆಚ್ಚು ಎಣ್ಣೆ ಬಿಡುವ ತಳಿಗಳನ್ನು ಮಾಡಿದ.

1969ರಲ್ಲಿ ಆ ಸೋವಿಯತ್ ತಳಿಗಳು ಭಾರತಕ್ಕೆ ಬಂದವು. 1970ರ ದಶಕದಲ್ಲಿ ನಮ್ಮ ಎರೆ ಭೂಮಿಗೂ ಬಂದವು. ಶೇಂಗಾ, ಕುಸುಬಿ, ಎಳ್ಳು, ಅಗಸಿ ಬೆಳೆದ ಹೊಲದಾಗ ಹಳದಿ ಹೊಸ ಹೂ ನಿಂತಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೊಟ್ಟಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಮಾಡಿತು. ಲಂಡನ್ನಿನಲ್ಲಿ ಚಿತ್ರದ ಬೆಲೆ ಏರಿದ ಕಾಲ, ನಮ್ಮ ಸೀಮೆಯಲ್ಲಿ ಹೂವಿನ ಹೊಲಗಳು ಹಬ್ಬಿದ ಕಾಲ, ಎರಡೂ ಒಂದೇ. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಮೇಲೆ ಸೂರ್ಯಕಾಂತಿ ಇತ್ತು. ಬಹುಪಾಲು ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಳೆ ಹೊಲಗಳಲ್ಲಿ.

ಆಮೇಲೆ ಬಿತ್ತು. ಹೈಬ್ರಿಡ್ ಬೀಜವನ್ನು ವರ್ಷಾ ವರ್ಷಾ ಕೊಳ್ಳಬೇಕು, ಮನೆಯ ಬೀಜ ನಡೆಯುವುದಿಲ್ಲ. 1997ರಲ್ಲಿ ಬಾಗೇಪಲ್ಲಿಯ ಕಡೆ ಗಿಡ ಸುಟ್ಟಂತೆ ಒಣಗಿಸುವ ನಂಜಾಣು ರೋಗ ಕಂಡಿತು, ಊರೂರಿಗೆ ಹಬ್ಬಿತು. ರೋಗಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಆಮದು. 1994ರಿಂದ ಮುಂದೆ ಹೊರದೇಶದ ಅಡುಗೆ ಎಣ್ಣೆಗೆ ಬಾಗಿಲು ತೆರೆದರು. ಅಗ್ಗದ ಪಾಮ್ ಎಣ್ಣೆ, ಹಿಂದೆಯೇ ಉಕ್ರೇನು ರಷ್ಯಾದ ಸೂರ್ಯಕಾಂತಿ ಎಣ್ಣೆ ಬಂದವು. 2020ರ ಹೊತ್ತಿಗೆ ದೇಶದ ಸೂರ್ಯಕಾಂತಿ 3 ಲಕ್ಷ ಹೆಕ್ಟೇರಿಗೂ ಕೆಳಗಿಳಿದಿತ್ತು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿದ್ದಾಗ ನಮ್ಮ ಅಡುಗೆಮನೆಯಲ್ಲಿ ಎಣ್ಣೆ ತುಟ್ಟಿಯಾಯಿತು. ನಮ್ಮ ಹೊಲದ ಹೂ ಕಿತ್ತು ಪರದೇಶದ ಹೂವಿಗೆ ಕೈಯೊಡ್ಡಿದ ಫಲ ಅದು.

ಬೆಂಬಲ ಬೆಲೆಯ ಮಾತು ಬೇಡವೇ ಬೇಡ. 2023ರ ಜೂನಿನಲ್ಲಿ ಹರಿಯಾಣದ ಶಾಹಾಬಾದಿನಲ್ಲಿ ಸೂರ್ಯಕಾಂತಿ ರೈತರು ಹೆದ್ದಾರಿಗೆ ಕೂತರು. ಸರ್ಕಾರವೇ ಸಾರಿದ ಬೆಲೆ ಕ್ವಿಂಟಲಿಗೆ 6,400 ರೂಪಾಯಿ, ಪೇಟೆಯಲ್ಲಿ ಸಿಗುತ್ತಿದ್ದದ್ದು 4,000ದ ಆಸುಪಾಸು. ಸಾರಿದ್ದನ್ನು ಕೊಡಿ ಅಂದದ್ದಕ್ಕೆ ಸಿಕ್ಕಿದ್ದು ಲಾಠಿ. ಲಂಡನ್ನಿನ ಲಿಲಾವಿನಲ್ಲಿ ಚಿತ್ರಕ್ಕೆ ಒಡೆಯ ಗೊತ್ತುಮಾಡಿದ ಕನಿಷ್ಠ ಬೆಲೆ ಇರುತ್ತದೆ, ಅದು ಬಾರದಿದ್ದರೆ ಚಿತ್ರ ಮನೆಗೆ ವಾಪಸು ಹೋಗುತ್ತದೆ. ಗಂಜಿಗೆ ತಂದ ಚೀಲ ವಾಪಸು ಒಯ್ಯಲು ಯಾವ ಸಣ್ಣ ರೈತನ ಹತ್ತಿರ ಗಾಡಿ ಬಾಡಿಗೆ ಇದೆ?

5

ರೈತನ ಹೆಸರಾದರೂ ಅಡತಿ ಅಂಗಡಿಯ ಚೀಟಿಯಲ್ಲಿ ಇರುತ್ತದೆ. ಹೊಲವಿಲ್ಲದ ಕೂಲಿಯ ಹೆಸರು ಎಲ್ಲಿದೆ?

ಈ ಹೂವಿಗೆ ಒಂದು ಗುಣ ಇದೆ. ಹಲವು ತಳಿಗಳಲ್ಲಿ ಒಂದು ಹೂವಿನ ಪರಾಗ ಅದೇ ಹೂವಿಗೆ ಫಲ ಕೊಡುವುದಿಲ್ಲ. ಜೇನು ಬರಬೇಕು. ಜೇನು ಕಡಿಮೆಯಾದರೆ ತೆನೆಯ ನಡುವೆ ಜಳ್ಳು. ಅದಕ್ಕೆ ಕೃಷಿ ಇಲಾಖೆಯವರು ಹೇಳಿಕೊಟ್ಟ ಉಪಾಯ: ಹೂ ಬಿಟ್ಟಾಗ ಬೆಳಿಗ್ಗೆ 8ರಿಂದ 11ರ ಒಳಗೆ, ದಿನ ಬಿಟ್ಟು ದಿನ, ಅಂಗೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದೊಂದು ಹೂವಿನ ಮುಖವನ್ನೂ ಸವರಬೇಕು. ಸವರಿದರೆ ಕಾಳು ತುಂಬುತ್ತದೆ. ಇಂಥ ಕೆಲಸಕ್ಕೆ ಹೊಲಕ್ಕೆ ಕರೆಯುವುದು ಯಾರನ್ನ? ಕೇರಿಯ ಹೆಣ್ಮಕ್ಕಳನ್ನ. ಅವರ ಕೈ ಮುಟ್ಟಿದ ಹೂವಿಗೆ ಕಾಳು, ಆ ಕಾಳಿನಿಂದ ಎಣ್ಣೆ, ಆ ಎಣ್ಣೆಯಿಂದ ಊರವರ ಒಗ್ಗರಣೆ, ದೇವರ ದೀಪ. ಆ ಕೈ ಮಾತ್ರ ಇನ್ನೂ ಎಷ್ಟೋ ಊರಲ್ಲಿ ಹೋಟೆಲಿನ ಲೋಟ ಮುಟ್ಟಬಾರದು, ಗುಡಿಯ ಹೊಸ್ತಿಲು ಮುಟ್ಟಬಾರದು. ಕೈ ಬೇಕು, ಕೈಯವಳು ಬೇಡ. ಇದೂ ಒಂದು ಲಿಲಾವೇ. ಇಲ್ಲಿ ಬೆಲೆಯನ್ನು ಹುಟ್ಟುವ ಮುಂಚೆಯೇ ಕೂಗಿ ಮುಗಿಸಿರುತ್ತಾರೆ.

ಚಿತ್ರದ ವಿಷಯದಲ್ಲೂ ಅಷ್ಟೇ. ಮೊದಲು ನಮ್ಮ ರಾಯಚೂರು ಜಿಲ್ಲೆಗೇ ಸೇರಿದ್ದ, 1997ರಿಂದ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮರದ ಮೇಲೆ ಹೂಬಳ್ಳಿ ಬರೆಯುತ್ತ ಬಂದಿದ್ದಾರೆ. ಯಾವ ಹೂವಿನ ಕೆಳಗೆ ಯಾರ ಸಹಿ ಇದೆ? ನಮ್ಮ ಹೆಣ್ಮಕ್ಕಳು ಹಳೆ ಸೀರೆಯ ಚೂರು ಜೋಡಿಸಿ ಹೊಲಿದ ಕೌದಿಯ ಹೂವಿಗೆ ಯಾವ ಮ್ಯೂಸಿಯಂ ಗೋಡೆ ಇದೆ? ಹೆಸರಿಗೆ ಬೆಲೆ ಬರುವ ಪೇಟೆಯಲ್ಲಿ ಹೆಸರು ಅಳಿಸಲ್ಪಟ್ಟವರಿಗೆ ಪಾಲಿಲ್ಲ.

ಹಾಗಾದರೆ ಆ ಚಿತ್ರವನ್ನು ತಿರಸ್ಕರಿಸಬೇಕೇ? ಬೇಡ. ಎರಡು ತಪ್ಪುಗಳನ್ನು ನಾವು ಬಿಡಬೇಕು. 50 ಕೋಟಿ ಬಂದದ್ದಕ್ಕೆ ಅದು ದೊಡ್ಡ ಚಿತ್ರ ಎಂದು ಕೈಮುಗಿಯುವುದು ಒಂದು ತಪ್ಪು. 50 ಕೋಟಿ ಬಂದದ್ದಕ್ಕೆ ಅದು ಉಳ್ಳವರ ಚಿತ್ರ ಎಂದು ಉಗಿಯುವುದು ಇನ್ನೊಂದು ತಪ್ಪು. ಎರಡರಲ್ಲೂ ನಾವು ನೋಡುವುದು ಲಿಲಾವಿನವನ ಕಣ್ಣಿನಿಂದಲೇ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇದೇ ಹೂಗಳ ಇನ್ನೊಂದು ಚಿತ್ರವಿದೆ. 1924ರಲ್ಲಿ ಯೋಹಾನಾ ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಳು. ಅಂದಿನಿಂದ ಅದು ಮಾರಾಟಕ್ಕಿಲ್ಲ. ದುಡ್ಡು ಕೊಡದೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಅದಕ್ಕೆ ಲಿಲಾವಿನ ಬೆಲೆ ಇಲ್ಲ, ಹಾಗಂತ ಅದರ ಹೂಗಳೇನೂ ಬಡವಾಗಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ತಮ್ಮ ತಂಗಿಯರಿಗೆ ನಾವು ಕೇಳುವುದು ಇಷ್ಟು. ಈ ಚಿತ್ರದ ಒಂದು ಅಚ್ಚಿನ ಪ್ರತಿ ತಂದು ಮಕ್ಕಳ ಮುಂದೆ ಇಡಿ. ಬೆಲೆ ಮೊದಲೇ ಹೇಳಬೇಡಿ. ಇದು ಯಾವ ಹೂ ಅಂತ ಕೇಳಿ. ಸೂರ್ಯಪಾನ ಅಂತ ಅವರೇ ಹೇಳ್ತಾರ. ಬಾಗಿದ ತೆನೆ ತೋರಿಸಿ, ಇದನ್ನ ಕೊಯ್ಯೋ ಹದ ಬಂದದ ಏನು ಅಂತ ಕೇಳಿ. ಕಲಾ ವಿಮರ್ಶಕರಿಗೆ ಹೊಳೆಯದ ಉತ್ತರ ಕೂಲಿಯವರ ಮಕ್ಕಳ ಬಾಯಲ್ಲಿ ಬರುತ್ತದೆ. ಆಮೇಲೆ ಬೊರಿನಾಜ್ ಗಣಿಯ ಕತೆ ಹೇಳಿ, ಲುವಾನ್ಶ್ಯಾದ ಆರು ಜನರ ಕತೆ ಹೇಳಿ, ಹೂ ಸವರುವ ಅವ್ವಂದಿರ ಕತೆಯನ್ನು ಮಕ್ಕಳಿಂದಲೇ ಹೇಳಿಸಿ. ಕಡೆಗೆ ಬೋರ್ಡಿನ ಮೇಲೆ ಆ ಕೋಟಿಗಳನ್ನು ಬರೆಯಿರಿ, ಪಕ್ಕದಲ್ಲಿ ಹೂ ಸವರುವ ಅವ್ವನ ಒಂದು ದಿನದ ಕೂಲಿ ಬರೆಯಿರಿ. ಭಾಗಾಕಾರ ಮಕ್ಕಳೇ ಮಾಡಲಿ.